ತಿಪ್ಪಕ್ಕನ ಅಮೆರಿಕಾ ಲಕ್ಷ್ಮಿ

ಕೇಳ್ರಪ್ಪಾ, ಕಡ್ಲೇಕಾಯಿ ತಿಂತಾನೇ ಕೇಳ್ರಿ, ಸಿಪ್ಪೆ ಮಾತ್ರ ನನ್ನ ಮ್ಯಾಲೆ ಎಸೀಬ್ಯಾಡ್ರಿ! ನಮ್ಮ ಸೀಮೇಲಿ ತಿಪ್ಪಕ್ಕ ಅಂತ ಒಬ್ಳಿದ್ಲು. ಬಾಯಿ ಬಲು ಜೋರು. ಆಕೆಗೊಬ್ನೇ ಮಗ, ದ್ಯಾವಣ್ಣ. ಮೀಸೆ ಬಂದು ಹತ್ತು ವರ್ಷ ಆಗಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಬಾಗಿಲು ನೋಡ್ಕೊಳ್ಳೋ ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು, ಹಿತ್ತಲಿಂದ ನಾಯಿ ಬಂದು ಮುದ್ದೆ ತಿಂದ್ಕೊಂಡು ಹೋಗೋದು. "ಅಯ್ಯೋ ಶಿವನೇ, ಇವನ ಬದ್ಲು ಒಂದು ಒರಳುಕಲ್ಲು ಹೆತ್ತಿದ್ರೆ ರುಬ್ಬೋಕಾದ್ರೂ ಆಗ್ತಿತ್ತಲ್ಲಾ!" ಅಂತ ತಿಪ್ಪಕ್ಕ ಹಣೆ ಚಚ್ಕೊಳ್ಳೋಳು.

ಆ ಮನೇಲಿ ಒಂದು ದೊಡ್ಡ ಬೆಳ್ಳಿ ನಾಣ್ಯ ಇತ್ತು. ಇನ್ನೂರು ವರ್ಷದ್ದು, ಅಮೆರಿಕದ್ದು! ಒಂದ್ಕಡೆ ಕೂದಲು ಬಿಟ್ಕೊಂಡ ಹೆಂಗಸು, ಇನ್ನೊಂದ್ಕಡೆ ಹದ್ದು. ತಿಪ್ಪಕ್ಕನ ಅವ್ವ ಮಿಷನ್ ಆಸ್ಪತ್ರೇಲಿ ಆಯಾ ಆಗಿದ್ಲು. ಅಲ್ಲಿದ್ದ ಅಮೆರಿಕದ ಡಾಕ್ಟರಮ್ಮ ಊರಿಗೆ ವಾಪಸ್ ಹೋಗೋವಾಗ "ನಿನ್ನಂಥ ಕೈ ನಾ ಕಂಡಿಲ್ಲ" ಅಂತ ಕೊಟ್ಟು ಹೋಗಿದ್ರು. ಆವತ್ತಿಂದ ಆ ಹೆಂಗಸೇ ಮನೆಗೆ ಲಕ್ಷ್ಮಿ. ದೀಪಾವಳಿಗೆ ಊರ ಹೆಂಗಸ್ರೆಲ್ಲ ಸೇರಿ ಮಾಡೋ ಪೂಜೇಲಿ ಕಲಶದ ಮುಂದೆ ಅದೇ ಕೂರ್ಬೇಕು.

ಆ ವರ್ಷ ಹಬ್ಬ ಹತ್ರ ಬರ್ತಿದ್ದಂಗೆ ಪಟೇಲರ ಸೊಸೆ ವನಜಾಕ್ಷಮ್ಮ ಮೂಗು ಮುರಿದ್ಲು. "ಇಂಥವು ಪೇಟೆ ಬಸ್ ಸ್ಟ್ಯಾಂಡಲ್ಲಿ ರಾಶಿ ಬಿದ್ದಿರ್ತವೆ! ನಕಲಿ! ನಿಮ್ಮವ್ವ ಬುರುಡೆ ಬಿಟ್ಟವ್ಳೆ. ಅಸಲಿ ಅಂತ ರುಜುವಾತಾಗ್ದೆ ಕಲಶದ ಹತ್ರ ತರ್ಬ್ಯಾಡ!"

ತಿಪ್ಪಕ್ಕನ ಮೈ ಉರೀತು. ಸತ್ತ ಅವ್ವನ್ನ ಸುಳ್ಳಿ ಅಂದ್ರೆ ಯಾರು ತಡ್ಕೊತಾರೆ? "ನಾಣ್ಯ ಹೋದ್ರೆ ಹೋಗ್ಲಿ, ನಮ್ಮವ್ವನ ಮಾತು ಬೀಳಬಾರ್ದು! ಲೋ ದ್ಯಾವಾ, ಅಕ್ಕಸಾಲಿ ಮೌನಾಚಾರಿ ಹತ್ರ ತಗೊಂಡೋಗು. ಕೈ ಬಿಟ್ಟೀಯಾ, ಹುಷಾರು!"

ದ್ಯಾವಣ್ಣ ಹೋದ. ಆಚಾರಿ ಮುಂದೆ ಮುಷ್ಟಿ ಚಾಚಿದ.

"ಬಿಚ್ಚೋ!"

"ಬಿಚ್ಚಲ್ಲ! ಅವ್ವ ಕೈ ಬಿಡಬ್ಯಾಡ ಅಂದವ್ಳೆ."

"ಮತ್ತೆ ಏನು ನೋಡ್ಲೋ, ನಿನ್ನ ಉಗುರಾ?"

"ನೋಡಿ ಸ್ವಾಮಿ, ಅದೂ ಅಸಲಿನೇ!"

ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಬಂದ. ತಿಪ್ಪಕ್ಕ ಬೈದ್ಲು. "ಥೂ ನಿನ್ನ! ಅಸಲಿನೋ ನಕಲಿನೋ ಅಂತ ಅನುಮಾನ ಬಂದ್ರೆ ಬಡಿದು ನೋಡ್ಬೇಕು ಕಣ್ಲಾ! ಟಿಣ್ ಅಂದ್ರೆ ಅಸಲಿ, ದಪ್ ಅಂದ್ರೆ ನಕಲಿ!"

"ಹೂಂ ಕಣವ್ವಾ!"

ಮಾರನೇ ದಿನ ಮತ್ತೆ ಹೊರಟ. ಜಗುಲಿ ಮೇಲೆ ಪಟೇಲರು ಬೋಳು ತಲೆಗೆ ಎಣ್ಣೆ ಹಚ್ಕೊಂಡು ಕೂತಿದ್ರು. "ಏನ್ಲಾ, ಕಂಡೂ ಕಾಣದಂಗೆ ಹೋಗ್ತೀಯ? ನಾನು ಈ ಊರ ಪಟೇಲ ಹೌದೋ ಅಲ್ವೋ?"

ದ್ಯಾವಣ್ಣಂಗೆ ಅನುಮಾನ ಬಂತು. ಹತ್ರ ಹೋಗಿ ತಲೆ ಮೇಲೆ ಒಂದು ಬಿಟ್ಟ. ದಪ್!

"ಅಯ್ಯಯ್ಯೋ! ಪಟೇಲ್ರು ನಕಲಿ! ಪಟೇಲ್ರು ನಕಲಿ!"

ಊರೆಲ್ಲ ಕೇಳ್ತು. ಬೆನ್ನ ಮೇಲೆ ಬಾಸುಂಡೆ ಹೊತ್ಕೊಂಡು ಮನೆಗೆ ಬಂದ.

"ಮೂದೇವಿ! ಪಟೇಲರ ತಲೆ ಬಡೀತಾರೇನೋ! ಬಡೀಬ್ಯಾಡ, ಅಂಚು ನೋಡು. ನಕಲಿ ಮಾಡೋರು ಎರಡು ಹೋಳು ಅಚ್ಚಿಗೆ ಹುಯ್ದಿರ್ತಾರೆ, ಸುತ್ತ ಜೋಡಿಸಿದ ಗೆರೆ ಇರ್ತದೆ. ಗೆರೆ ಕಂಡ್ರೆ ನಕಲಿ, ತಿಪ್ಪೆಗೆ ಎಸಿ!"

"ಹೂಂ ಕಣವ್ವಾ!"

ಈ ಸಲ ಆಚಾರಿಗೆ ಅಂತ ಒಂದು ಪುಟ್ಟಿ ಹೊಸ ಕಡ್ಲೇಕಾಯಿ ಕೊಟ್ಟು ಕಳಿಸಿದ್ಲು. ದ್ಯಾವಣ್ಣ ಒಂದು ಮುಷ್ಟೀಲಿ ನಾಣ್ಯ ಹಿಡ್ಕೊಂಡೇ ದಾರೀಲಿ ಒಂದು ಕಾಯಿ ತಗೊಂಡ. ಅಂಚು ನೋಡ್ದ. ಗೆರೆ! ಇನ್ನೊಂದು ತಗೊಂಡ. ಗೆರೆ! ಪುಟ್ಟಿ ಪೂರ್ತಿ ಹಂಗೇ! ಒಂದೊಂದಾಗಿ ಎಲ್ಲಾನೂ ತಿಪ್ಪೆಗೆ ಎಸೆದು ಖಾಲಿ ಪುಟ್ಟಿ ಹೊತ್ಕೊಂಡು ಹೋದ. "ಸ್ವಾಮಿ, ನಮ್ಮ ಹೊಲದಲ್ಲಿ ಬೆಳೆದಿದ್ದೆಲ್ಲಾ ನಕಲಿ! ಎರಡೆರಡು ಹೋಳು ಅಂಟಿಸವ್ರೆ!"

ಮೌನಾಚಾರಿ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡ್ರು. ಆ ನಗೇಲಿ ದ್ಯಾವಣ್ಣನೂ ನಕ್ಕ, ಮುಷ್ಟಿ ಸಡಿಲ ಆಯ್ತು, ನಾಣ್ಯ ಆಚಾರಿ ಮುಂದೆ ಬಿತ್ತು. ಟಿಣ್!

ಆಚಾರಿ ನಗು ನಿಂತೋಯ್ತು. ತೂಗಿದ್ರು, ಸೂಜಿಗಲ್ಲು ಹಿಡಿದ್ರು, ಅಂಚಿನ ಸುತ್ತ ಒತ್ತಿದ್ದ ಸಣ್ಣ ಅಕ್ಷರ ಭೂತಗನ್ನಡೀಲಿ ನೋಡಿದ್ರು. "ಗೆರೆ ಇಲ್ಲ, ಸೂಜಿಗಲ್ಲಿಗೆ ಅಂಟಲಿಲ್ಲ, ತೂಕ ಸರಿ. ಅಮೆರಿಕದಲ್ಲಿ ನಕಲು ಮಾಡೋನು ಅದ್ರ ಮೇಲೇ ನಕಲು ಅಂತ ಒತ್ತಬೇಕಂತಪ್ಪಾ, ಅಲ್ಲಿ ಕಾಯ್ದೆ. ಇದ್ರ ಮೇಲೆ ಅದೂ ಇಲ್ಲ. ಅಪ್ಪಟ ಅಸಲಿ ಕಣಯ್ಯಾ! ನಾಳೆ ಪೂಜೇಲಿ ನಾನೇ ಬಂದು ಹೇಳ್ತೀನಿ."

ತಿಪ್ಪಕ್ಕ ಕೇಳಿ, ಸತ್ತ ಅವ್ವನ್ನ ನೆನೆದು ಕಣ್ಣೀರು ಹಾಕಿದ್ಲು. "ಗೆದ್ದೆ ಕಣವ್ವಾ! ಲೋ ದ್ಯಾವಾ, ನಾಳೆ ಇದನ್ನ ನೋಡಿದ ತಕ್ಷಣ ಎಂಥೋರಿಗೂ ಅಸಲಿ ಅಂತ ಗೊತ್ತಾಗ್ಬೇಕು, ಹಂಗೆ ತೊಳೆದಿಡು!"

"ಹೂಂ ಕಣವ್ವಾ!"

ಪೂಜೆ ದಿನ. ಎಲ್ಲಾ ಹೆಂಗಸ್ರೂ ಸೇರವ್ರೆ, ವನಜಾಕ್ಷಮ್ಮನ ಬೆಳ್ಳಿ ಕಲಶ ಪೂಜೆಗೆ ಕೂತೈತೆ, ಆಚಾರಿ ಬಂದವ್ರೆ. ತಿಪ್ಪಕ್ಕ ಗತ್ತಿಂದ ಬಟ್ಟೆ ಗಂಟು ಬಿಚ್ಚಿದ್ಲು. ಅಯ್ಯೋ! ಲಕ್ಷ್ಮಿ ಹಣೆಯಿಂದ ಗಲ್ಲದವರ್ಗೂ ಉಳಿಯಲ್ಲಿ ಕೆತ್ತೈತೆ: ಅಸಲಿ.

"ಕೊಂದ್ಯಲ್ಲೋ ಪಾಪಿ!" ಅಂತ ಆಚಾರಿ ಎದೆ ಬಡ್ಕೊಂಡ್ರು.

"ನಕಲಿ ಮೇಲೆ ನಕಲಿ ಅಂತ ಒತ್ತುತಾರಲ್ವಾ ಸ್ವಾಮಿ? ಅದಕ್ಕೇ ಅಸಲಿ ಮೇಲೆ ಅಸಲಿ ಅಂದೆ!"

ವನಜಾಕ್ಷಮ್ಮ ಕಿಸಕ್ ಅಂತ ನಕ್ಕಳು. "ಪೆದ್ದ ಕೆತ್ತಿದ್ನ ನಂಬೋರ್ಯಾರು?"

ತಿಪ್ಪಕ್ಕ ಒಂದು ಗಳಿಗೆ ಮಗನ ಮುಖ ನೋಡಿದ್ಲು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ಲು. "ನೀನೇ ನಂಬ್ತೀಯ ಕಣಮ್ಮಾ! ಸುಳ್ಳು ಹೇಳೋಕೆ ಬುದ್ಧಿ ಬೇಕು. ನನ್ನ ಮಗಂಗೆ ಅದಿಲ್ಲ ಅಂತ ಊರಿಗೇ ಗೊತ್ತು! ಹೇಳ್ರೀ ಆಚಾರ್ರೇ, ಅವನು ಕೆತ್ತಿದ್ದು ಸುಳ್ಳಾ?"

"ಸುಳ್ಳಲ್ಲ ತಾಯಿ. ಅಸಲಿನೇ."

"ಕೇಳಿಸ್ತಾ? ನಮ್ಮವ್ವ ಹೇಳಿದ್ದೂ ನಿಜ, ನನ್ನ ಮಗ ಬರೆದಿದ್ದೂ ನಿಜ! ಇದೇನು ನಾನು ಮಾರೋಕೆ ಇಟ್ಟಿರೋ ಮಾಲಲ್ಲ, ಗಾಯ ಆದ್ರೂ ನಮ್ಮ ಲಕ್ಷ್ಮಿನೇ!" ಅಂತ ಕುಂಕುಮ ಹಚ್ಚಿ ನಾಣ್ಯಾನ ಕಲಶದ ಮುಂದೆ ಕೂರಿಸೇಬಿಟ್ಲು.

ಆಗ ಟಕ್, ಟಕ್, ಟಕ್ ಅಂತ ಸದ್ದು. ಎಲ್ರೂ ತಿರುಗಿ ನೋಡ್ತಾರೆ, ವನಜಾಕ್ಷಮ್ಮನ ಬೆಳ್ಳಿ ಕಲಶಕ್ಕೆ ತೂತು ಬಿದ್ದು ನೀರು ಸುರೀತೈತೆ! ದ್ಯಾವಣ್ಣ ಉಳಿ ಹಿಡ್ಕೊಂಡು ಪಕ್ಕದಲ್ಲೇ ಕೂತವ್ನೆ.

"ಅಮ್ಮಾವ್ರೇ, ಬೇಗ ಹೇಳ್ರಿ! ನಿಮ್ದು ಅಸಲಿನೋ ನಕಲಿನೋ? ಏನಂತ ಕೆತ್ಲಿ?"