ಜೋರು ಕಾರ್ಡು

ಹಿರಿಯೂರಿನ ಮದುವೆ ವಿಡಿಯೋ ಸ್ಟುಡಿಯೋಗೆ ಕಂಪ್ಯೂಟರಿನಲ್ಲಿ ವಿಡಿಯೋ ಕೆಲಸ ಬೇಗ ಮುಗಿಸುವ ಎರಡು ಗ್ರಾಫಿಕ್ಸ್ ಕಾರ್ಡ್ ಬಂದವು. "ಜೋರಾಗಿರೋದು ನನ್ನ ಕಂಪ್ಯೂಟರಿಗೆ," ಎಂದರು ಮಾಲೀಕ ಗುರುಪಾದಪ್ಪ. ಅವರು ಅದರಲ್ಲಿ ಆಡುತ್ತಿದ್ದದ್ದು ಇಸ್ಪೀಟು ಮಾತ್ರ. ಸಂಜೆಯೊಳಗೆ ಮದುವೆ ವಿಡಿಯೋ ಮುಗಿಸಬೇಕಿದ್ದವಳು ಎಡಿಟರ್ ಇಂದುಮತಿ.

ಅವಳು ಕಾರ್ಡುಗಳನ್ನು ಎರಡು ಕಂಪ್ಯೂಟರಿಗೆ ಹಾಕಿ, ಎರಡಕ್ಕೂ ಒಂದೇ ಧಾರೆ ದೃಶ್ಯದ ಕೆಲಸ ಕೊಟ್ಟು, ಪರದೆಗಳನ್ನು ಆಫ್ ಮಾಡಿದಳು. "ಯಾವುದು ಜೋರು, ನೀವೇ ಕೇಳಿ ಹೇಳಿ ಸಾರ್."

ಒಂದು ಕಾರ್ಡು ತುಟಿಪಿಟಕ್ಕೆನ್ನದೆ ಎರಡೇ ನಿಮಿಷದಲ್ಲಿ ಮುಗಿಸಿತು. ಮಾಲೀಕರಿಗೆ ಗೊತ್ತೇ ಆಗಲಿಲ್ಲ. ಇನ್ನೊಂದರ ಫ್ಯಾನು ಹತ್ತು ನಿಮಿಷ ಹಿಟ್ಟಿನ ಗಿರಣಿಯಂತೆ ಅಬ್ಬರಿಸಿತು.

"ಅಬ್ಬಾ, ಇದೇ ನನಗೆ!" ಗುರುಪಾದಪ್ಪ ಮೀಸೆ ತಿರುವಿದರು. "ಏನಂತೀಯ?"

"ಸರಿಯಾಗಿದೆ ಸಾರ್," ಎಂದಳು ಇಂದುಮತಿ, ಸದ್ದಿಲ್ಲದ ಕಾರ್ಡನ್ನು ಬಿಚ್ಚಿಕೊಳ್ಳುತ್ತಾ. "ಈ ಸ್ಟುಡಿಯೋದಲ್ಲಿ ಇಷ್ಟು ಜೋರು ಮಾಡೋದು ಅದು ಬಿಟ್ರೆ ನೀವೇ. ಇಬ್ಬರೂ ಒಂದೇ ಕ್ಯಾಬಿನ್‌ನಲ್ಲಿರಿ."