ಹೊಸ ಮುಳ್ಳು, ಹಳೆಯ ಥಂಡಿ

ಘಟ್ಟ ಹತ್ತಿದರೂ ಬಿಸಿಯೇರದ ಲಾರಿ ಎಂಜಿನ್ನೊಂದಿತ್ತು ನೋಡಿ; ಡೀಸೆಲ್ ಕುಡಿಯುವುದು, ಬಿಳಿ ಹೊಗೆ ಕೆಮ್ಮುವುದು, ಅಷ್ಟೇ ಅದರ ಕಸುಬು.

"ಸ್ವಾಮೀ, ತಾವು ತಣ್ಣಗಿದ್ದೀರಿ," ಎಂದಿತು ಬಿಸಿ ತೋರಿಸುವ ಮೀಟರಿನ ಮುಳ್ಳು. "ನೀರು ಕಾಯುವವರೆಗೆ ಥರ್ಮೋಸ್ಟಾಟ್, ನೀರು ತಣಿಸುವ ರೇಡಿಯೇಟರಿನ ಕಡೆಯ ಬಾಗಿಲು ಮುಚ್ಚಿರಬೇಕು. ಅವನು ತೆರೆದೇ ಕೂತಿದ್ದಾನೆ, ವಿಚಾರಿಸಿ."

"ನಾನು ಯಾರಿಗೂ ಬಾಗಿಲು ಮುಚ್ಚಿದವನಲ್ಲ!" ಎಂದು ಥರ್ಮೋಸ್ಟಾಟ್ ಎದೆಯುಬ್ಬಿಸಿತು.

"ಎಂಥ ಧಾರಾಳಿ!" ಎಂದು ರೇಡಿಯೇಟರ್ ಕೊಂಡಾಡಿತು, ತಣ್ಣೀರು ಓಡಾಡುತ್ತಿದ್ದರೆ ಅದಕ್ಕೆ ಆರಾಮ ತಾನೇ?

ಎಂಜಿನ್ ಮುಳ್ಳಿನ ಮೇಲೆಯೇ ಕೆರಳಿತು. "ಚಾಡಿಕೋರ! ಇಳಿ ಕೆಳಗೆ!"

ಗ್ಯಾರೇಜಿನ ಮೇಸ್ತ್ರಿ ದ್ಯಾವಪ್ಪನೂ ಅದಕ್ಕೆ ತಕ್ಕವನೇ. "ಘಟ್ಟ ಹತ್ತಿದ ಎಂಜಿನ್ ತಣ್ಣಗಿರುತ್ತದಾ? ಮುಳ್ಳೇ ಕೆಟ್ಟಿದೆ," ಎಂದು ಅದನ್ನು ಕಿತ್ತು ಗುಜರಿಗೆಸೆದು ಹೊಸದನ್ನು ಕೂರಿಸಿದ. ಹೊಸದೂ ಹಳೆಯದು ತೋರಿಸುತ್ತಿದ್ದ ಅದೇ ತಣ್ಣನೆಯ ಗೆರೆಯಲ್ಲೇ ಬಂದು ನಿಂತಿತು.

ಎಂಜಿನ್ ಕೆಮ್ಮುತ್ತಾ ಗದರಿತು: "ನೀನೂ ಆ ಚಾಡಿಕೋರನ ನೆಂಟನೇನೋ?"