ಹತ್ತಕ್ಷರದ ಗುಟ್ಟು

ಪಂತ ಒಂದು ರೇಷ್ಮೆ ಸೀರೆಯದು. ಆ ಜವಳಿ ಅಂಗಡಿಯ ಚೀಟಿಗಳಲ್ಲಿ ಅಸಲು ಬೆಲೆಯನ್ನು ಅಂಕಿಗೆ ಬದಲು ಅಕ್ಷರದಲ್ಲಿ ಬರೆಯುತ್ತಿದ್ದರು. ಹತ್ತಕ್ಷರದ ಒಂದು ಇಂಗ್ಲಿಷ್ ಪದ, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ; ಆ ಪದ ಗೊತ್ತಿದ್ದವನೇ ಬೆಲೆ ಓದಬಲ್ಲ.

“ಈ ಚೀಟಿಯಲ್ಲಿ ಕೆ ಇದೆ, ಆರ್ ಇದೆ. ಗಂಟೆಯೊಳಗೆ ಪದ ಹೇಳಿದರೆ ಸೀರೆ ಪುಕ್ಕಟೆ ಕೊಡ್ತೀಯೇನೋ?” ಎಂದರು ಚೌಕಾಸಿಗೆ ಹೆಸರಾದ ಇಂಗ್ಲಿಷ್ ಮೇಷ್ಟ್ರು ಪರಮಶಿವಯ್ಯ.

ಸೀರೆ ಹೋದರೆ ಗುಮಾಸ್ತ ಚೆನ್ನವೀರನ ಕೆಲಸವೂ ಹೋದಂತೆ. ಆದರೂ “ಆಗಲಿ ಸ್ವಾಮಿ” ಎಂದು ಕಾಗದ, ಪೆನ್ಸಿಲ್, ಕಾಫಿ ಕೊಟ್ಟು ಮೂಲೆಯಲ್ಲಿ ಕೂರಿಸಿದ. ಆಮೇಲೆ ಮೇಷ್ಟ್ರ ಹೆಂಡತಿಯ ಮುಂದೆ ಸೀರೆ ಬಿಚ್ಚತೊಡಗಿದ.

ಗಂಟೆ ಮುಗಿಯಿತು. “ಸೋತೆ. ಪದ ಯಾವುದಯ್ಯ?”

“ಅದು ಸಾಹುಕಾರರಿಗೇ ಗೊತ್ತು ಸ್ವಾಮಿ. ನನಗೆ ನೀವು ಒಂದು ಗಂಟೆ ಸುಮ್ಮನಿದ್ದರೆ ಸಾಕಿತ್ತು.”

“ಇವನು ಹೇಳಿದ ಬೆಲೆಯನ್ನೇ ಕೊಟ್ಟುಬಿಟ್ಟೆ ಕಣ್ರೀ, ನಿಮ್ಮ ವಿದ್ಯೆಗೆ ಅಡ್ಡಿ ಯಾಕೆ ಅಂತ” ಎಂದರು ಹೆಂಡತಿ.

ಪುಕ್ಕಟೆ ಹೋದದ್ದು ಒಂದು ಲೋಟ ಕಾಫಿ. ಚೌಕಾಸಿಯಿಲ್ಲದೆ ಹೋದದ್ದು ಮೂರು ಸೀರೆ.